ಇನ್ಸುಲಿನ್ ಪಂಪಿನ ಮುಂಚೆ ಫೀಡ್ ನೋಡಿ

"ಅಪ್ಪನಿಗೆ ಶುಗರೇ ಇರ್ಲಿಲ್ಲ ಸಿಸ್ಟರ್, ಇನ್ಸುಲಿನ್ ಯಾಕೆ?" ಮಂಗಳೂರಿನ ಐಸಿಯುವಿನಲ್ಲಿ ಇಲಿಜ್ವರದ ಸೀಸನ್ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಕಾಯಿಲೆ ಜೋರಾದಾಗ ಮೈಯ ಹಾರ್ಮೋನುಗಳೇ ಶುಗರ್ ಏರಿಸುತ್ತವೆ, ಸ್ಟಿರಾಯ್ಡ್ ಸೇರಿದರೆ ಇನ್ನೂ ಮೇಲೆ. ಶುಗರ್ ಮೊದಲಿಂದಲೂ ಇತ್ತಾ ಅಂತ, ಎರಡು-ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಹೇಳುತ್ತದೆ. ರಕ್ತ ಕೊಟ್ಟಾದ ಮೇಲೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಶುಗರ್ 180 ದಾಟಿಯೇ ನಿಂತರೆ ಇನ್ಸುಲಿನ್ ಶುರು, ಆಮೇಲೆ 140ರಿಂದ 180ರೊಳಗೆ. ನಾರ್ಮಲ್ ಮಾಡಿಯೇ ತೀರುವ ಹಟ ನಮಗಿಲ್ಲ. 2001ರಲ್ಲಿ ಬೆಲ್ಜಿಯಂನ ಲೂವನ್‌ನಲ್ಲಿ 80–110ಕ್ಕೆ ಇಳಿಸಿದಾಗ ಸಾವು ಕಡಿಮೆಯಾಗಿತ್ತು. ಆದರೆ ಆರು ಸಾವಿರಕ್ಕೂ ಮಿಕ್ಕಿ ರೋಗಿಗಳಿದ್ದ 2009ರ ನೈಸ್-ಶುಗರ್ ಅಧ್ಯಯನದಲ್ಲಿ ಶುಗರ್ ಹಾಗೆ ಬಿಗಿಯಾಗಿ ಇಳಿಸಿದ ರೋಗಿಗಳಲ್ಲೇ ಸಾವು ಹೆಚ್ಚು ಕಂಡಿತು, ಶುಗರ್ ಪಾತಾಳಕ್ಕೆ ಬಿದ್ದದ್ದೂ ಅವರಲ್ಲೇ ಹೆಚ್ಚು.

ಪಂಪಿಗೆ ಹಾಕುವ 50 ಎಂಎಲ್ ಸಿರಿಂಜಿಗೆ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್, ಉಳಿದದ್ದು ಸಲೈನ್. ಇನ್ಸುಲಿನ್ ಟ್ಯೂಬಿನ ಪ್ಲಾಸ್ಟಿಕ್ಕಿಗೆ ಅಂಟುವುದರಿಂದ ಒಂದಿಷ್ಟು ಹರಿಸಿ ಚೆಲ್ಲಿ, ಮತ್ತೆ ಜೋಡಿಸುತ್ತೇನೆ. ಗಂಟೆಗೊಮ್ಮೆ ಚೆಕ್. ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧಿ) ಓಡುತ್ತಿದ್ದು ಬೆರಳು ತಣ್ಣಗಾಗಿದ್ದರೆ, ಕೈ ಊದಿದ್ದರೆ, ನಾನು ಬೆರಳು ಚುಚ್ಚುವುದಿಲ್ಲ, ಅಲ್ಲಿನ ರೀಡಿಂಗ್ ನಂಬುವ ಹಾಗಿಲ್ಲ. ಆರ್ಟೀರಿಯಲ್ ಲೈನಿನ (ಅಪಧಮನಿಗೆ ಹಾಕಿದ ನಳಿಕೆಯ) ರಕ್ತ ಎಬಿಜಿ (ರಕ್ತದ ಗ್ಯಾಸ್ ಅಳೆಯುವ) ಮಷಿನ್ನಿಗೆ ಹೋಗುತ್ತದೆ. ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಡ್ರಿಪ್) ಹೋಗುತ್ತಿರುವ ಕೈಯಿಂದ ತೆಗೆದ ರಕ್ತದ ಸುಳ್ಳು 400 ನೋಡಿ ಇನ್ಸುಲಿನ್ ಏರಿಸಿದರೆ ಮುಗೀತು ಮಾರಾಯ್ರೆ.

ನನ್ನ ಲೆಕ್ಕದಲ್ಲಿ ದೊಡ್ಡ ಗಂಡಾಂತರ ಸಿಟಿ ಸ್ಕ್ಯಾನಿಗೆ ಶಿಫ್ಟ್ ಮಾಡುವಾಗ. ರೈಲ್ಸ್ ಟ್ಯೂಬಿನ ಫೀಡ್ (ಮೂಗಿನ ನಳಿಕೆಯಿಂದ ಹೊಟ್ಟೆಗೆ ಹೋಗುವ ಆಹಾರ) ನಿಲ್ಲಿಸುವವರು ಒಬ್ಬರು, ಪಂಪ್ ನೋಡುವವರು ಇನ್ನೊಬ್ಬರು. ಹೊಟ್ಟೆಗೆ ಏನೂ ಹೋಗುತ್ತಿಲ್ಲ, ಇನ್ಸುಲಿನ್ ಮಾತ್ರ ಹೋಗುತ್ತಲೇ ಇದೆ. ವಾರ್ಡಿನಲ್ಲಾದರೆ ರೋಗಿ ಬೆವರಿ, ನಡುಗಿ ಕರೆಯುತ್ತಾರೆ. ಸೆಡೇಶನ್‌ನಲ್ಲಿ (ನಿದ್ದೆಯ ಮದ್ದಿನಲ್ಲಿ) ಮಲಗಿದವರು ಕರೆಯುವುದುಂಟಾ? ಅದಕ್ಕೇ ನನ್ನ ಬೆಡ್ಡಿನ ಪಂಪಿಗೆ ಕೆಂಪು ಟೇಪ್: "ಫೀಡ್ ಓಡ್ತಿದೆಯಾ?" ಓಡದಿದ್ದರೆ ಡಾಕ್ಟರಿಗೆ ಹೇಳಿ ರೇಟ್ ಇಳಿಸುವುದು ಅಥವಾ ಡೆಕ್ಸ್‌ಟ್ರೋಸ್ ಹಚ್ಚುವುದು, ಅರ್ಧ ಗಂಟೆಗೊಮ್ಮೆ ಚೆಕ್. ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ) ಆದರೆ ಇನ್ಸುಲಿನ್ ಪೂರ್ತಿ ನಿಲ್ಲಿಸಿ ಬಿಡುವಂತಿಲ್ಲ. 70ರ ಕೆಳಗೆ ಬಂದರೆ ಪಂಪ್ ನಿಲ್ಲಿಸಿ 25% ಡೆಕ್ಸ್‌ಟ್ರೋಸ್, ಹದಿನೈದು ನಿಮಿಷಕ್ಕೆ ಮತ್ತೆ ಚೆಕ್. ಕಿಡ್ನಿ ಕೆಟ್ಟವರಲ್ಲಿ ಇನ್ಸುಲಿನ್ ಬೇಗ ಖಾಲಿಯಾಗುವುದಿಲ್ಲ, ಹಾಗಾಗಿ ಅವರು ಮತ್ತೆ ಬೀಳಬಹುದು. ಇಲಿಜ್ವರ ಕಿಡ್ನಿಗೂ ಪೆಟ್ಟು ಕೊಡುವುದರಿಂದ ಅವರಲ್ಲಿ ಇದೇ ಭಯ.

ಇನ್ಸುಲಿನ್ ರಕ್ತದ ಪೊಟ್ಯಾಸಿಯಂ ಅನ್ನೂ ಜೀವಕೋಶದೊಳಗೆ ಎಳೆದು ಇಳಿಸುತ್ತದೆ, ಎಬಿಜಿ ಚೀಟಿಯಲ್ಲಿ ಶುಗರಿನ ಜೊತೆಗೆ ಅದನ್ನೂ ಓದಬೇಕು. ರೋಗಿ ಬಾಯಲ್ಲಿ ಗಂಜಿ ತಗೊಳ್ಳಲು ಶುರು ಮಾಡಿ ಚರ್ಮದಡಿ ಚುಚ್ಚುವ ಇನ್ಸುಲಿನ್ನಿಗೆ ಬದಲಿಸುವಾಗ, ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನಿನ ಡೋಸ್ ಕೊಟ್ಟು ಎರಡು ಗಂಟೆಯಾದ ಮೇಲೆಯೇ ಪಂಪ್ ತೆಗೆಯುವುದು.