ದ್ವೀಪದಲ್ಲಿ ಒಂದು ರಾತ್ರಿ: ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಬಿಚ್ಚಬೇಕು

ಮಳೆಗಾಲ ಮುಗಿದು ಕಡಲು ತಿಳಿಯಾಗುತ್ತಿದ್ದಂತೆ, ಗೆಳೆಯರೆಲ್ಲ ಕೂಡಿ ದ್ವೀಪಕ್ಕೆ ಹೋಗಿ ಮರಳಿನ ಮೇಲೆ ಒಂದು ರಾತ್ರಿ ಕಳೆಯಬೇಕೆಂಬ ಆಸೆ ನಮ್ಮ ಕಾರವಾರದ ಹುಡುಗ ಹುಡುಗಿಯರಲ್ಲಿ ಹುಟ್ಟುತ್ತದೆ. ಸಲಹೆ ಕೇಳಲು ಬರುವವರು ಮೊದಲು ವಿಚಾರಿಸುವುದು ಟೆಂಟಿನ ಬೆಲೆಯನ್ನು. ನನ್ನ ಅನುಭವದಲ್ಲಿ ಟೆಂಟು, ಹಾಸಿಗೆ, ಪಾತ್ರೆ, ಊಟ ಇವೆಲ್ಲವೂ ಮನೆಯಿಂದಲೇ ಹೊರಡಬಲ್ಲ ವಸ್ತುಗಳು. ಅಲ್ಲಿ ಎಷ್ಟು ಬೇಕಾದರೂ ಕೈ ಬಿಗಿ ಹಿಡಿಯಬಹುದು. ದೋಣಿ, ಲೈಫ್ ಜಾಕೆಟ್ ಮತ್ತು ಕುಡಿಯುವ ನೀರು, ಈ ಮೂರರಲ್ಲಿ ಮಾತ್ರ ಚೌಕಾಸಿ ಸಲ್ಲದು.

ಎಲ್ಲ ದ್ವೀಪಗಳೂ ತಂಗುವುದಕ್ಕೆ ಒದಗುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಅಂಜದೀವ್ ನೌಕಾಪಡೆಯ ವಶದಲ್ಲಿದೆ, ಅದರ ಹತ್ತಿರಕ್ಕೂ ಸುಳಿಯಬಾರದು. ಮುರ್ಡೇಶ್ವರದ ಆಚೆಯ ನೇತ್ರಾಣಿ ಕಡಿದಾದ ಬಂಡೆಗಳ ದ್ವೀಪ. ಅಲ್ಲಿಗೆ ಜನ ಹೋಗುವುದು ನೀರಿನಲ್ಲಿ ಮುಳುಗಿ ಮೀನು, ಹವಳ ನೋಡುವುದಕ್ಕೇ ಹೊರತು ಹಾಸಿಗೆ ಬಿಡಿಸುವುದಕ್ಕಲ್ಲ. ಕೂರ್ಮಗಡದಂಥ ಕಡೆ ಉಳಿಯುವ ಮನಸ್ಸಿದ್ದರೆ ಜಾಗದವರ ಒಪ್ಪಿಗೆ ಪಡೆದು, ಪ್ರವಾಸೋದ್ಯಮ ಕಚೇರಿಯಲ್ಲಿಯೂ ಕರಾವಳಿ ಕಾವಲು ಪೊಲೀಸರಲ್ಲಿಯೂ ವಿಚಾರಿಸಿ, ಹೋಗುವವರ ಹೆಸರಿನ ಪಟ್ಟಿಯೊಂದನ್ನು ಕೊಟ್ಟು ಹೊರಡುವುದು ಒಳ್ಳೆಯದು. ಒಪ್ಪಿಗೆ ಸಿಗದಿದ್ದರೆ ಹಗಲು ದ್ವೀಪ ನೋಡಿಕೊಂಡು ಬಂದು, ರಾತ್ರಿಗೆ ದೇವಬಾಗ ಅಥವಾ ಮಾಜಾಳಿಯ ಕಡೆ ಅನುಮತಿ ಇರುವ ಜಾಗವನ್ನು ಹುಡುಕಿಕೊಳ್ಳಬಹುದು. ಇದರಿಂದ ಮೋಜೇನೂ ಕಡಿಮೆಯಾಗುವುದಿಲ್ಲ, ಖರ್ಚು ಮಾತ್ರ ಕಡಿಮೆಯಾಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಇದಕ್ಕೆ ತಕ್ಕವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನಿಗೆ ಇಳಿಯದಿರುವಾಗ ನಾವು ಇಳಿಯುವ ಮಾತು ಆಡುವುದೇ ಬೇಡ.

ದೋಣಿಯ ಬಾಡಿಗೆ ಸಾಮಾನ್ಯವಾಗಿ ಇಡೀ ದೋಣಿಗೆ ಇರುತ್ತದೆ; ನಾಲ್ವರು ಹೋದರೂ ಎಂಟು ಜನ ಹೋದರೂ ಅಷ್ಟೇ. ಆದ್ದರಿಂದ ಜನ ಹೆಚ್ಚಾದಷ್ಟೂ ತಲೆಗೆ ಬೀಳುವ ಖರ್ಚು ಇಳಿಯುತ್ತದೆಯೆಂಬ ಲೆಕ್ಕ ಸರಿಯೇ, ಆದರೆ ಆ ಲೆಕ್ಕ ದೋಣಿಯ ತೂಕದ ಮಿತಿಯೊಳಗೆ ನಿಲ್ಲಬೇಕು. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡದ್ದನ್ನು ಈ ಊರು ಮರೆತಿಲ್ಲ. ತಲೆಗೊಂದು ಲೈಫ್ ಜಾಕೆಟ್ ಇಲ್ಲದ ದೋಣಿ ಎಷ್ಟೇ ಅಗ್ಗವಾಗಿದ್ದರೂ ಹತ್ತಬಾರದು. ಜಾಕೆಟ್ಟನ್ನು ಕಾಲ ಬಳಿ ಇಟ್ಟುಕೊಳ್ಳದೆ ಮೈಗೆ ಕಟ್ಟಿಕೊಳ್ಳಬೇಕು. ಹೊರಡುವುದು ಬೆಳಿಗ್ಗೆಯೇ ಆಗಬೇಕು. ಚಳಿಗಾಲದಲ್ಲಿ ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಜೋರಾಗಿ ಬೀಸಿ ಅಲೆ ಎಬ್ಬಿಸುತ್ತದೆ. ಬಾಡಿಗೆಯನ್ನು ಹೋಗಿ ಬರುವುದಕ್ಕೆ ಒಟ್ಟಿಗೆ ಮಾತಾಡಿ ಅರ್ಧ ಮಾತ್ರ ಮುಂಗಡ ಕೊಡುವುದು, ದೋಣಿಯವರ ನಂಬರನ್ನು ಇಬ್ಬರ ಫೋನಿನಲ್ಲಿಯೂ ಒಂದು ಚೀಟಿಯಲ್ಲಿಯೂ ಬರೆದಿಟ್ಟುಕೊಳ್ಳುವುದು ರೂಢಿಯಾಗಲಿ.

ಊರಿಂದ ಊರಿಗೆ ಬರುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನವರಿಗೆ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಶಿರಸಿಯ ಕಡೆಯವರಿಗೆ ಕುಮಟಾದ ಮೇಲೆ ಬರುವ ಸರ್ಕಾರಿ ಬಸ್ಸು ಸಾಕು, ಶಕ್ತಿ ಯೋಜನೆ ಇರುವವರೆಗೆ ಹೆಣ್ಣುಮಕ್ಕಳಿಗೆ ಅದಕ್ಕೂ ದುಡ್ಡಿಲ್ಲ.

ನೀರಿನ ಲೆಕ್ಕವನ್ನು ಮಾತ್ರ ಕಾಗದದ ಮೇಲೆ ಮಾಡಬೇಕು. ಕುಡಿಯಲು, ಬೇಯಿಸಲು ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದಿಟ್ಟುಕೊಂಡರೆ, ಆರು ಜನಕ್ಕೆ ಎರಡು ಹಗಲಿಗೆ 48 ಲೀಟರ್ ಆಗುತ್ತದೆ. ಬಾಟಲಿ ನೀರು ಕೊಂಡರೆ ದುಡ್ಡೂ ದಂಡ, ಕಸವೂ ದಂಡ. ಮನೆಯ ಬಾವಿಯ ನೀರನ್ನು ಕುದಿಸಿ, ಆರಿಸಿ, ತಿರುಪಿನ ಮುಚ್ಚಳವಿರುವ ಕ್ಯಾನುಗಳಲ್ಲಿ ತುಂಬಿಕೊಳ್ಳಬೇಕು. ಅಂಗಡಿಯಿಂದ ಬರುವ, ಅಗಲ ಬಾಯಿಗೆ ತೆಳು ಮುಚ್ಚಳ ಒತ್ತಿದ ಕ್ಯಾನು ದೋಣಿಯ ಕುಲುಕಾಟಕ್ಕೆ ತಡೆಯುವುದಿಲ್ಲ. ತುಂಬುವಾಗ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟರೆ ಇನ್ನೊಂದು ಅನುಕೂಲವಿದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ, ಬಾಯಿ ಭದ್ರವಾಗಿರುವ ಕ್ಯಾನು ಸಮುದ್ರದಲ್ಲಿ ತೇಲುತ್ತದೆ. ದೋಣಿ ದಡಕ್ಕೆ ತಾಗದೆ ಸೊಂಟದ ನೀರಿನಲ್ಲಿ ಇಳಿಯಬೇಕಾಗಿ ಬಂದಾಗ 20 ಕಿಲೋ ಭಾರವನ್ನು ಹೆಗಲ ಮೇಲೆ ಹೊರದೆ, ಹಿಡಿಕೆಗೆ ಹಗ್ಗ ಕಟ್ಟಿ ಎಳೆದುಕೊಂಡು ಬರಬಹುದು. ಪಾತ್ರೆಯನ್ನು ಮರಳು, ಬೂದಿ ಹಾಕಿ ಸಮುದ್ರದ ನೀರಿನಲ್ಲಿಯೇ ತಿಕ್ಕಿ, ಕೊನೆಗೆ ಅರ್ಧ ಚೊಂಬು ಸಿಹಿನೀರು ಹಾಯಿಸಿದರೆ ಸಾಕಾಗುತ್ತದೆ. ಮೈಗೆ ತೆಂಗಿನೆಣ್ಣೆಯ ಸಾಬೂನು ಒಯ್ಯಿರಿ, ಉಪ್ಪುನೀರಿನಲ್ಲಿ ನೊರೆ ಬರುವುದು ಅದೊಂದಕ್ಕೇ ಎನ್ನಬಹುದು.

ಒಂದು ರಾತ್ರಿಗೆಂದು ಟೆಂಟು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅಡಿಕೆ ಅಂಗಳಕ್ಕೆ ಹೊದಿಸುವ ಟಾರ್ಪಾಲೊಂದು, ಹತ್ತು ಮಾರು ನೈಲಾನ್ ಹಗ್ಗ, ನಾಲ್ಕು ಖಾಲಿ ಅಕ್ಕಿಚೀಲ ಇದ್ದರೆ ಆರು ಜನ ಮಲಗುವ ಮಾಡು ಎದ್ದು ನಿಲ್ಲುತ್ತದೆ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಅರ್ಧದಷ್ಟು ಮರಳು ತುಂಬಿ, ಬಾಯಿ ಕಟ್ಟಿ, ಮೊಳದ ಆಳದ ಗುಂಡಿಯಲ್ಲಿ ಅಡ್ಡಲಾಗಿ ಹೂತು, ಮೇಲೆ ಮರಳು ಮೆಟ್ಟಿ ಗಟ್ಟಿ ಮಾಡಿ ಅದಕ್ಕೆ ಹಗ್ಗ ಬಿಗಿದರೆ ಇಬ್ಬರು ಎಳೆದರೂ ಕೀಳುವುದಿಲ್ಲ. ಸಂಜೆಯ ಗಾಳಿ ಪಡುವಣದಿಂದ ಬರುವುದರಿಂದ ಮಾಡಿನ ತಗ್ಗಿನ ಬದಿ ಕಡಲಿಗೆ ಇರಲಿ. ಬೆಳಗಿನ ಜಾವ ಮೂಡಣದಿಂದ ತಣ್ಣನೆಯ ಗಾಳಿ ಹೊರಳುವುದರಿಂದ ಆ ಬದಿಗೆ ಒಂದು ಹಳೆಯ ಸೀರೆಯನ್ನೋ ಕಂಬಳಿಯನ್ನೋ ಇಳಿಬಿಡುವುದು ವಾಸಿ. ತೆಂಗಿನ ಮರದಡಿ ಕಟ್ಟಬಾರದೆಂದು ಬೇರೆ ಹೇಳಬೇಕಿಲ್ಲವಷ್ಟೆ.

ಮಲಗುವ ಜಾಗವನ್ನು ಗೊತ್ತುಮಾಡುವಾಗ ಪಂಚಾಂಗ ನೋಡಬೇಕು. ಮರಳಿನ ಮೇಲೆ ಒಣಪಾಚಿ, ಕಡ್ಡಿ, ಚಿಪ್ಪು ಸೇರಿ ಗೆರೆಯಾಗಿ ಬಿದ್ದಿರುವುದು ನಿನ್ನೆಯ ಉಬ್ಬರದ ಗುರುತು. ಅದಕ್ಕಿಂತ ಸಾಕಷ್ಟು ಮೇಲೆ ಹೋಗಬೇಕು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ನೀರು ಎಂದಿಗಿಂತ ಹೆಚ್ಚು ಏರುತ್ತದೆ, ನಮ್ಮ ಕಡಲಿನಲ್ಲಿ ಅದು ಹೆಚ್ಚುಕಡಿಮೆ ನಡುರಾತ್ರಿಯ ಸುಮಾರಿಗೆ, ಎಲ್ಲರೂ ಗಾಢ ನಿದ್ದೆಯಲ್ಲಿರುವಾಗ ಬರುತ್ತದೆ. ಮರುದಿನ ನಸುಕಿಗೆ ಅದೇ ನೀರು ದೂರ ಇಳಿದಿರುವುದರಿಂದ ದೋಣಿ ಹತ್ತಿರ ಬರಲಾರದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಬೆಳದಿಂಗಳು ಬೇಕೆನ್ನುವವರು ಈ ಲೆಕ್ಕ ಹಾಕಿ, ಮರಳುವ ಹೊತ್ತನ್ನು ದೋಣಿಯವರೊಡನೆ ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಲಿ.

ಊಟದ ವಿಷಯದಲ್ಲಿ ನಮ್ಮ ಜಿಲ್ಲೆಯ ಅಡುಗೆಮನೆಗೆ ಸಮನಾದುದು ಇನ್ನೊಂದಿಲ್ಲವೆಂದು ನನಗೆ ಹೆಮ್ಮೆಯಿದೆ. ಮೊದಲ ಮಧ್ಯಾಹ್ನಕ್ಕೆ ಮನೆಯಲ್ಲಿ ಕಲಸಿದ ಗೊಜ್ಜವಲಕ್ಕಿ ಬಾಳೆಲೆಯಲ್ಲಿ ಕಟ್ಟಿಕೊಂಡು ಹೋದರೆ ಒಲೆ ಹಚ್ಚುವ ಗೊಡವೆಯೇ ಇಲ್ಲ. ರಾತ್ರಿಗೆ ಕುಚ್ಚಲಕ್ಕಿ ಗಂಜಿ: ಅಕ್ಕಿಯನ್ನು ಬೆಳಿಗ್ಗೆಯೇ ನೆನೆಹಾಕಿ, ಸಂಜೆ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ, ಬಿಗಿ ಮುಚ್ಚಳ ಹಾಕಿ ಕಂಬಳಿಯಲ್ಲಿ ಸುತ್ತಿ ಮರಳಿನ ಗುಂಡಿಯಲ್ಲಿ ಇಟ್ಟುಬಿಟ್ಟರೆ ಎರಡು ತಾಸಿನಲ್ಲಿ ತಾನೇ ಅರಳುತ್ತದೆ, ಸೌದೆ ಅರ್ಧಕ್ಕರ್ಧ ಉಳಿಯುತ್ತದೆ. ಅದಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ, ತಿನ್ನುವವರಿಗೆ ಬೆಳಿಗ್ಗೆಯೇ ಪೇಟೆಯಲ್ಲಿ ಕೊಂಡು ಉಪ್ಪು, ಅರಿಶಿನ, ಮೆಣಸು, ಮುರುಗಲ ಸಿಪ್ಪೆ ಹಚ್ಚಿ ಮಂಜುಗಡ್ಡೆಯಲ್ಲಿಟ್ಟ ಬಂಗಡೆ. ಮೀನನ್ನು ಮೊದಲ ದಿನವೇ ಮುಗಿಸಬೇಕು. ಹಸಿ ಕಾಯಿಚಟ್ನಿ ಸಂಜೆಯೊಳಗೆ ಹಳಸುತ್ತದೆ. ಚಟ್ನಿಪುಡಿ ಒಯ್ಯುವುದು, ಇಡೀ ತೆಂಗಿನಕಾಯಿ ಒಯ್ಯುವುದು ಲೇಸು. ಬಿಸಿಲಿಗೆ ಮುರುಗಲ ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿ ಕುಡಿಯುತ್ತಿದ್ದರೆ ತಂಪು ಪಾನೀಯದ ಬಾಟಲಿಗಳ ಖರ್ಚು ಉಳಿಯುತ್ತದೆ. ಉಣ್ಣಲು ಹಾಳೆತಟ್ಟೆ, ತಲೆಗೆ ಹಾಳೆಟೊಪ್ಪಿ.

ದ್ವೀಪದ ಮರ ಕಡಿಯುವ ಮಾತು ಬೇಡ. ಅರ್ಧ ಚೀಲ ಒಣ ಕರಟ ಒಯ್ದರೆ ಹೊಗೆಯಿಲ್ಲದ ಕೆಂಡ ಸಿಗುತ್ತದೆ, ಕಾಯಿಸಿಪ್ಪೆಯ ಹೊಗೆಗೆ ಸೊಳ್ಳೆ ದೂರವಿರುತ್ತದೆ. ಏಳುವಾಗ ಕೆಂಡದ ಮೇಲೆ ಮರಳು ಮುಚ್ಚುವ ಅಭ್ಯಾಸ ಕೆಟ್ಟದ್ದು, ಏಕೆಂದರೆ ಅದು ಒಳಗೇ ಗಂಟೆಗಟ್ಟಲೆ ಕಾದಿದ್ದು ಬರಿಗಾಲಿನವರನ್ನು ಸುಡುತ್ತದೆ. ಸಮುದ್ರದ ನೀರು ಸುರಿದು, ಕೈ ಇಟ್ಟು ನೋಡಿಯೇ ಹೋಗಬೇಕು. ಚಳಿಗಾಲವು ಕಡಲಾಮೆ ಮೊಟ್ಟೆಯಿಡುವ ಕಾಲವೂ ಹೌದು. ದೇವಬಾಗ, ಮಾಜಾಳಿಯ ಮರಳಿನಲ್ಲಿ ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುವ ಗೂಡುಗಳ ಹತ್ತಿರ ಬೆಂಕಿ, ದೀಪ, ಹಾಡು ಯಾವುದೂ ಕೂಡದು.

ಔಷಧದ ಡಬ್ಬಿ ಚಿಕ್ಕದಿರಲಿ: ಓಆರ್‌ಎಸ್, ಬ್ಯಾಂಡೇಜು, ಅರಿಶಿನ, ಸುಟ್ಟ ಗಾಯದ ಮುಲಾಮು. ಕಲ್ಲಿಗೆ ಹಿಡಿದ ಚಿಪ್ಪು ಬ್ಲೇಡಿನಂತೆ ಕೊಯ್ಯುವುದರಿಂದ ಹಳೆಯ ಚಪ್ಪಲಿ ಹಾಕಿಯೇ ನೀರಿಗೆ ಇಳಿಯಬೇಕು. ಅಂಬಲಿ ಮೀನು (ಜೆಲ್ಲಿಫಿಶ್) ತಾಗಿದರೆ ಸಿಹಿನೀರು ಹಾಕದೆ, ಉಜ್ಜದೆ, ಸಮುದ್ರದ ನೀರಿನಿಂದಲೇ ತೊಳೆಯಬೇಕು; ಉಸಿರು ಕಟ್ಟಿದಂತಾದರೆ ಕಾಯದೆ ದೋಣಿ ಕರೆಸಬೇಕು. ಕುಡಿದವರನ್ನು ನೀರಿಗೆ ಬಿಡಬಾರದು, ಕತ್ತಲಾದ ಮೇಲೆ ಯಾರನ್ನೂ ಬಿಡಬಾರದು.

ಖಾಲಿಯಾದ ಅಕ್ಕಿಚೀಲಗಳಲ್ಲಿಯೇ ಕಸವೆಲ್ಲ ವಾಪಸು ಬರಲಿ. ಮನೆಗೆ ಬಂದ ದಿನವೇ ಟಾರ್ಪಾಲು, ಹಗ್ಗಗಳನ್ನು ಬಾವಿಕಟ್ಟೆಯಲ್ಲಿ ಸಿಹಿನೀರಿಗೆ ಹಾಕಿ ತೊಳೆದು ಒಣಗಿಸಬೇಕು. ಉಪ್ಪು ಉಳಿದರೆ ಗಾಳಿಯ ತೇವವನ್ನು ಹೀರಿ ಬೂಸ್ಟು ಬರಿಸುತ್ತದೆ, ಆಮೇಲೆ ಅಡಿಕೆ ಒಣಗಿಸುವ ಹೊತ್ತಿಗೆ ಮನೆಯವರಿಂದ ಬೈಸಿಕೊಳ್ಳಬೇಕಾಗುತ್ತದೆ.