ದೊಡ್ಡಪ್ಪನ ಲ್ಯಾಪ್‌ಟಾಪಿನಿಂದ ಟೀಮ್ಸ್ ತೆಗೆದ ಬಗೆ

ವಿಂಡೋಸ್ 11 ಇರುವ ಕಂಪ್ಯೂಟರ್ ತಂದರೆ ಚಾಟ್, ವಿಡಿಯೋ ಮೀಟಿಂಗ್ ಮಾಡುವ ಮೈಕ್ರೋಸಾಫ್ಟ್ ಟೀಮ್ಸ್ ಎಂಬ ಪ್ರೋಗ್ರಾಂ ಅದರ ಜೊತೆಗೇ ಬಂದಿರುತ್ತದೆ. ಆಫೀಸಿನವರಿಗೆ ಅದಿಲ್ಲದೆ ಕೆಲಸ ನಡೆಯದು. ಆದರೆ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ಕಾಫಿ ತೋಟದ ಲೆಕ್ಕ ಬರೆದುಕೊಂಡಿರುವ ನಮ್ಮ ದೊಡ್ಡಪ್ಪನಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಅವರ ಲ್ಯಾಪ್‌ಟಾಪಿನ ರ‍್ಯಾಮ್ 4 ಜಿಬಿ. ವಿಂಡೋಸ್ 11 ನಡೆಯಲು ಕನಿಷ್ಠ ಬೇಕಾದದ್ದೇ ಅಷ್ಟು. ಆಳುಗಳ ಸಂಬಳದ ಎಕ್ಸೆಲ್ ಶೀಟು, ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಒಂದು ಪತ್ರ, ಪಹಣಿ ತೆಗೆಯಲು ಒಂದು ಬ್ರೌಸರ್, ಇಷ್ಟು ತೆರೆದರೆ ಅದು ತುಂಬಿಹೋಗುತ್ತದೆ. ಇಂಟರ್ನೆಟ್ಟೂ ಮೊಬೈಲ್ ಹಾಟ್‌ಸ್ಪಾಟಿನದು. ಇಂಥ ಮನೆಯಲ್ಲಿ ಯಾರೂ ಬಳಸದ ಪ್ರೋಗ್ರಾಂ ಹಿಂದೆ ಓಡುತ್ತಾ ಕೂರುವುದು ಸಣ್ಣ ವಿಷಯವಲ್ಲ.

"ಆನ್ ಮಾಡಿದ್ ಕೂಡ್ಲೆ ಸೈನ್ ಇನ್ ಆಗು ಅಂತ ಒಂದು ಬಾಕ್ಸ್ ಬತ್ತದೆ ಕಣೋ. ಎಕ್ಸ್ ಒತ್ತಿದ್ರೆ ಹೋಯ್ತದೆ, ಬೆಳಿಗ್ಗೆ ಮತ್ತೆ ಹಾಜರು. ಬಂದಾಗ ಒಸಿ ನೋಡು" ಎಂದು ಅವರು ಫೋನಿನಲ್ಲಿ ಹೇಳಿದಾಗಲೇ ಇದು ಟೀಮ್ಸ್ ಇರಬೇಕೆಂದು ಅಂದಾಜಾಯಿತು. ವೈರಸ್ ಬಂದಿದೆ, ಫಾರ್ಮ್ಯಾಟ್ ಹೊಡೆಸಬೇಕು ಎಂದು ಅವರಿಗೆ ಯಾರೋ ಹೇಳಿದ್ದರು. ಇದಕ್ಕಾಗಿ ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ವಿಂಡೋಸ್ ಜೊತೆಗೇ ಬರುವ ಪ್ರೋಗ್ರಾಂ ಆದ್ದರಿಂದ ಹೊಸದಾಗಿ ವಿಂಡೋಸ್ ಹಾಕಿದರೆ ಅದೂ ಬರುತ್ತದೆ. ಫೋಟೋ, ಲೆಕ್ಕ ಹೋಗುವುದು ಮಾತ್ರ ನಿಮ್ಮದು.

ಹಾಸನದಿಂದ ಹೋದವನು ಮೊದಲು ಏನನ್ನೂ ತೆಗೆಯಲಿಲ್ಲ, ಏನು ಓಡುತ್ತಿದೆ ಎಂದು ನೋಡಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಮೆಮೊರಿ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಜಾಗ ಹಿಡಿದಿರುವವು ಮೇಲಕ್ಕೆ ಬರುತ್ತವೆ. ಅಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಹೆಸರಿತ್ತು. ಪಕ್ಕದ ಬಾಣದ ಗುರುತು ಒತ್ತಿದಾಗ ಅದರ ಕೆಳಗೆ ವೆಬ್‌ವ್ಯೂ 2 ಎಂಬ ಹೆಸರಿನವು ಸಾಲಾಗಿ ಕಂಡವು. ಟೀಮ್ಸ್ ತನ್ನ ಪರದೆಯನ್ನು ತೋರಿಸುವುದು ಎಡ್ಜ್ ಬ್ರೌಸರಿನ ಈ ಭಾಗದ ಮೂಲಕ, ಅದಕ್ಕೇ ಒಂದು ಪ್ರೋಗ್ರಾಮಿಗೆ ಇಷ್ಟೊಂದು ಸಾಲು. ಹಾಗೆಂದು ವೆಬ್‌ವ್ಯೂ 2 ಅನ್ನೇ ಅನ್‌ಇನ್‌ಸ್ಟಾಲ್ ಮಾಡಲು ಹೋಗಬಾರದು. ವಿಡ್ಜೆಟ್ಸ್, ಹೊಸ ಔಟ್‌ಲುಕ್ ಮುಂತಾದವೂ ಅದನ್ನೇ ನಂಬಿವೆ. ಟೀಮ್ಸ್ ಹೋದರೆ ಅದರ ಪಾಲಿನವು ತಾವಾಗಿ ಹೋಗುತ್ತವೆ.

ಐಕಾನ್ ಮರೆಮಾಡುವುದು, ತಾನಾಗಿ ಏಳದಂತೆ ಮಾಡುವುದು, ಪ್ರೋಗ್ರಾಮನ್ನೇ ತೆಗೆಯುವುದು, ಇವು ಮೂರೂ ಬೇರೆ ಬೇರೆ ಕೆಲಸ. ಐಕಾನ್ ಕಾಣದಿದ್ದರೆ ಕಾಟ ಮುಗಿಯಿತು ಎಂದು ಬಹಳ ಜನ ನಂಬಿ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆನ್ ಮಾಡಿದಾಗ ಅದು ಎದ್ದೇಳುತ್ತಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಐಕಾನ್ ಸುಲಭ. 2021ರ ಅಕ್ಟೋಬರಿನಲ್ಲಿ ಬಂದ ಮೊದಲ ವಿಂಡೋಸ್ 11ರಲ್ಲಿ ಪರದೆಯ ಕೆಳಗಿನ ಪಟ್ಟಿ, ಅಂದರೆ ಟಾಸ್ಕ್‌ಬಾರಿನ ಮೇಲೆ ಟೀಮ್ಸಿನದೇ ಆದ ಚಾಟ್ ಎಂಬ ಐಕಾನ್ ಇತ್ತು. ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಟಾಸ್ಕ್‌ಬಾರ್ ಎಂದು ಹೋದರೆ ಅದನ್ನು ಆಫ್ ಮಾಡುವ ಸ್ವಿಚ್ಚೂ ಇತ್ತು. ಆಗೆಲ್ಲ ವಿಂಡೋಸ್ ಕೀಲಿ ಮತ್ತು ಸಿ ಒಟ್ಟಿಗೆ ಒತ್ತಿದರೆ ಚಾಟ್ ತೆರೆಯುತ್ತಿತ್ತು. ಕಾಪಿ ಮಾಡಲು ಹೋಗಿ ಕಂಟ್ರೋಲ್ ಬದಲು ಹತ್ತಿರದ ವಿಂಡೋಸ್ ಕೀಲಿ ಒತ್ತುವ ವಯಸ್ಸಾದವರಿಗೆ ಇದು ದೊಡ್ಡ ಗೊಂದಲ. 2023ರ 23ಎಚ್2 ಆವೃತ್ತಿಯಿಂದ ಚಾಟ್ ಹೋಗಿ ಆ ಜಾಗಕ್ಕೆ ಟೀಮ್ಸ್ ಬಂತು. ಈಗ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಪಿನ್ ಕೊಟ್ಟರಾಯಿತು.

ಎರಡನೆಯದಕ್ಕೆ ಸೆಟ್ಟಿಂಗ್ಸ್, ಆಪ್ಸ್, ಸ್ಟಾರ್ಟಪ್ ಎಂದು ಹೋಗಿ ಟೀಮ್ಸ್ ಎದುರಿನ ಸ್ವಿಚ್ ಆಫ್ ಮಾಡಬೇಕು. ಟೀಮ್ಸ್ ಕೆಲವೊಮ್ಮೆ ಬೇಕು, ದಿನಾ ಬೇಡ ಎನ್ನುವವರು ಇಷ್ಟಕ್ಕೇ ನಿಲ್ಲಿಸಬಹುದು. ಆದರೆ ಒಂದು ನೆನಪಿರಲಿ: ಟೀಮ್ಸ್ ಕಿಟಕಿಯ ಎಕ್ಸ್ ಒತ್ತಿದರೂ ಅದು ಗಡಿಯಾರದ ಪಕ್ಕ ಉಳಿದುಕೊಂಡಿರಬಹುದು. ಅಲ್ಲಿ ರೈಟ್ ಕ್ಲಿಕ್ ಮಾಡಿ ಕ್ವಿಟ್ ಕೊಟ್ಟಾಗಲೇ ಅದು ನಿಲ್ಲುವುದು. ದೊಡ್ಡಪ್ಪ ದಿನಾ ಎಕ್ಸ್ ಒತ್ತುತ್ತಿದ್ದರು, ರ‍್ಯಾಮ್ ಮಾತ್ರ ಖಾಲಿಯಾಗುತ್ತಿರಲಿಲ್ಲ.

ದೊಡ್ಡಪ್ಪನಿಗೆ ಅದು ಪೂರ್ತಿ ಹೋಗಬೇಕಿತ್ತು. ಸೆಟ್ಟಿಂಗ್ಸ್, ಆಪ್ಸ್, ಇನ್‌ಸ್ಟಾಲ್ಡ್ ಆಪ್ಸ್ ತೆರೆದು ಮೇಲಿನ ಹುಡುಕು ಜಾಗದಲ್ಲಿ ಟೀಮ್ಸ್ ಎಂದು ಹೊಡೆದೆ. ಬಂದ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ ಅನ್‌ಇನ್‌ಸ್ಟಾಲ್ ಕೊಟ್ಟೆ. ಕ್ಷಣದಲ್ಲಿ ಹೋಯಿತು. ರೀಸ್ಟಾರ್ಟ್ ಮಾಡಿ ಟಾಸ್ಕ್ ಮ್ಯಾನೇಜರ್ ಮತ್ತೆ ತೆರೆದು ನೋಡಿದೆ, ಇರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪನ ಮೊಮ್ಮಗಳು ಗಾಬರಿಯಾಗಿ ಬಂದಳು. "ಚಿಕ್ಕಪ್ಪ, ನನ್ನ ಕಾಲೇಜಿನ ಕ್ಲಾಸ್ ಎಲ್ಲಾ ಅದ್ರಲ್ಲೇ ಇರೋದು!" ಆ ಲ್ಯಾಪ್‌ಟಾಪಿನಲ್ಲಿ ಅವಳದೇ ಬೇರೆ ಅಕೌಂಟ್ ಇದೆ, ಅವಳ ಹೆಸರಿನಲ್ಲಿ ಲಾಗಿನ್ ಆಗಿ ನೋಡು ಎಂದೆ. ಟೀಮ್ಸ್ ಅವಳ ಕಡೆ ಇದ್ದಂತೆಯೇ ಇತ್ತು. ಹೀಗೆ ಸೆಟ್ಟಿಂಗ್ಸಿನಿಂದ ತೆಗೆದಾಗ ಅದು ಹೋಗುವುದು ಆ ಬಳಕೆದಾರನ ಅಕೌಂಟಿನಿಂದ ಮಾತ್ರ. ಮನೆಮಂದಿಯೆಲ್ಲ ಒಂದೇ ಕಂಪ್ಯೂಟರ್ ಬಳಸುವ ಕಡೆ ಇದು ಬಹಳ ಅನುಕೂಲ. ಅಜ್ಜನಿಗೆ ಬೇಡವಾದದ್ದು ಅಜ್ಜನ ಕಡೆ ಇರುವುದಿಲ್ಲ, ಹುಡುಗಿಯ ಪಾಠಕ್ಕೂ ಅಡ್ಡಿಯಿಲ್ಲ. ಹಾಗಾಗಿ ಎಲ್ಲರೂ ಒಂದೇ ಅಕೌಂಟ್ ಬಳಸುತ್ತಿದ್ದರೆ ಮೊದಲು ಅದನ್ನು ಬೇರೆ ಮಾಡಿ ಎನ್ನುತ್ತೇನೆ. ಆದೇಶ ಟೈಪ್ ಮಾಡಿ ಕೆಲಸ ಮಾಡಿಸುವ ಪವರ್‌ಶೆಲ್ಲಿನಲ್ಲಿ ಒಂದು ಸಾಲು ಹೊಡೆದು ಟೀಮ್ಸ್ ಹೆಸರಿನ ಎಲ್ಲವನ್ನೂ ಎಲ್ಲರ ಕಡೆಯಿಂದಲೂ ಗುಡಿಸಿ ಹಾಕುವ ದಾರಿಯೂ ಉಂಟು, ಆದರೆ ಮಕ್ಕಳು ಓದುವ ಮನೆಯಲ್ಲಿ ನಾನು ಅದನ್ನು ಮಾಡುವುದಿಲ್ಲ. ಒಂದು ಮಾತು: ಮುಂದೆ ಯಾರಿಗಾದರೂ ಹೊಸ ಅಕೌಂಟ್ ತೆರೆದರೆ ಅವರ ಕಡೆ ಟೀಮ್ಸ್ ಮತ್ತೆ ಕಾಣಿಸಿಕೊಳ್ಳಬಹುದು.

ಕಂಪನಿಯಲ್ಲಿ ಬಳಸಿ ಮಾರಿದ ಹಳೆ ಲ್ಯಾಪ್‌ಟಾಪ್ ಕೊಂಡವರಿಗೆ ಇನ್ನೊಂದು ತೊಡಕಿದೆ. ತೆಗೆದ ಟೀಮ್ಸ್ ಮುಂದಿನ ಲಾಗಿನ್‌ಗೆ ತಾನೇ ವಾಪಸ್ ಬಂದರೆ ಅದೇ ಪಟ್ಟಿಯಲ್ಲಿ ಟೀಮ್ಸ್ ಮಷೀನ್-ವೈಡ್ ಇನ್‌ಸ್ಟಾಲರ್ ಎಂಬ ಹೆಸರಿದೆಯೇ ನೋಡಿ. ಹಳೆಯ ಟೀಮ್ಸನ್ನು ಪ್ರತಿಯೊಬ್ಬ ಬಳಕೆದಾರನಿಗೂ ಹಾಕಿಕೊಡುವುದೇ ಅದರ ಕೆಲಸ. ಮೊದಲು ಅದನ್ನು ತೆಗೆದು ಆಮೇಲೆ ಟೀಮ್ಸ್ ತೆಗೆಯಬೇಕು.

ಎಬ್ಬಿಸುವವರು ಯಾರೆಂದು ಹುಡುಕಬೇಕು ಎನ್ನುವುದನ್ನು ನಾನು ಕಲಿತದ್ದು ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ, ಹಾಸನದಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದಾಗ. 2001ರ ಎಕ್ಸ್‌ಪಿಯಲ್ಲಿ ವಿಂಡೋಸ್ ಮೆಸೆಂಜರ್ ಎಂಬ ಚಾಟ್ ಪ್ರೋಗ್ರಾಂ ಹೀಗೇ ಜೊತೆಗೆ ಬಂದಿತ್ತು. ಗಡಿಯಾರದ ಪಕ್ಕ ಎಕ್ಸಿಟ್ ಕೊಟ್ಟರೂ ಮೇಲ್ ನೋಡಲು ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದರೆ ಮತ್ತೆ ಏಳುತ್ತಿತ್ತು. ತೆಗೆಯೋಣವೆಂದರೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ವಿಂಡೋಸಿನ ಐಎನ್‌ಎಫ್ ಫೋಲ್ಡರಿನಲ್ಲಿದ್ದ ಸಿಸ್‌ಒಸಿ ಎಂಬ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಮೆಸೆಂಜರಿನ ಸಾಲಿನಲ್ಲಿದ್ದ 'ಹೈಡ್' ಎಂಬ ಪದ ಅಳಿಸಿದರೆ ಹೆಸರು ಪಟ್ಟಿಗೆ ಬರುತ್ತಿತ್ತು, ಆಮೇಲೆ ತೆಗೆಯಬಹುದಿತ್ತು. ನೆಟ್‌ವರ್ಕಿನಲ್ಲಿ ಬೂದು ಬಣ್ಣದ ಸಂದೇಶ ತೋರಿಸುತ್ತಿದ್ದ ಮೆಸೆಂಜರ್ ಸರ್ವಿಸ್ ಎಂಬುದು ಬೇರೆಯೇ ಇತ್ತು. ಹೆಸರು ಒಂದೇ ಆದ್ದರಿಂದ ಜನ ವಿಂಡೋಸ್ ಮೆಸೆಂಜರ್ ನಿಲ್ಲಿಸಲು ಹೋಗಿ ಮೆಸೆಂಜರ್ ಸರ್ವಿಸನ್ನು ನಿಲ್ಲಿಸುತ್ತಿದ್ದರು. 2004ರ ಸರ್ವಿಸ್ ಪ್ಯಾಕ್ 2 ಆ ಸರ್ವಿಸನ್ನು ಆಫ್ ಮಾಡಿಯೇ ಬಂತು. ದಕ್ಷಿಣ ಕೊರಿಯಾದಲ್ಲಂತೂ ಅಲ್ಲಿನ ವ್ಯಾಪಾರ ಆಯೋಗದ ಆದೇಶದ ಮೇಲೆ ಮೆಸೆಂಜರ್ ಮತ್ತು ಮೀಡಿಯಾ ಪ್ಲೇಯರ್ ಇಲ್ಲದ 'ಕೆಎನ್' ಎಂಬ ಎಕ್ಸ್‌ಪಿಯೇ 2006ರಲ್ಲಿ ಬಂತು. ಬೇಡವಾದದ್ದನ್ನು ಬೇಡ ಎನ್ನಲು ಬಳಸುವವನಿಗೆ ಹಕ್ಕಿದೆ ಎಂದು ನಾನು ಆಗಿನಿಂದಲೂ ಗಟ್ಟಿಯಾಗಿ ನಂಬಿದ್ದೇನೆ. ಟೀಮ್ಸ್ ತೆಗೆಯುವುದು ಅದಕ್ಕಿಂತ ಎಷ್ಟೋ ಸುಲಭವಾಗಿರುವುದು ಸಂತೋಷವೇ.

ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯನ್ನು ಒಮ್ಮೆ ನೋಡುವುದು ಒಳ್ಳೆಯದು. ಕಾಟ ತಪ್ಪಲಿ ಎಂದು ಅಪ್‌ಡೇಟನ್ನೇ ನಿಲ್ಲಿಸುವವರಿದ್ದಾರೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಅದು ಅಪಾಯ. ಇನ್ನೊಮ್ಮೆ ಅನ್‌ಇನ್‌ಸ್ಟಾಲ್ ಮಾಡಲು ಎಷ್ಟು ಹೊತ್ತು ಬೇಕು?

ಹೊರಡುವ ಮುಂಚೆ ದೊಡ್ಡಮ್ಮ ಕೇಳಿದ್ದು ಮುಖ್ಯವಾದ ಪ್ರಶ್ನೆ. ವಿದೇಶದಲ್ಲಿರುವ ಮಗನ ಜೊತೆ ಅವರು ಸ್ಕೈಪಿನಲ್ಲಿ ಮಾತಾಡುತ್ತಿದ್ದರು. 2025ರ ಮೇ 5ಕ್ಕೆ ಸ್ಕೈಪ್ ನಿಂತಾಗ ಅದೇ ಅಕೌಂಟಿನಿಂದ ಟೀಮ್ಸಿಗೆ ಹೋಗಿ ಎಂದು ಮೈಕ್ರೋಸಾಫ್ಟ್ ಹೇಳಿತ್ತು. "ಹಂಗಾರೆ ಈಗ ಅವನ ಮುಖ ನೋಡೋದು ಹೆಂಗೆ ಮಗ?" ಎಂದರು. ಪ್ರೋಗ್ರಾಂ ತೆಗೆದರೂ ಅಕೌಂಟ್ ಹಾಗೆಯೇ ಇರುತ್ತದೆ. ಅವನು ವಾಟ್ಸಾಪಿಗೆ ಮೀಟಿಂಗ್ ಲಿಂಕ್ ಕಳಿಸಲಿ, ಅದನ್ನು ಎಡ್ಜ್ ಅಥವಾ ಕ್ರೋಮಿನಲ್ಲಿ ತೆರೆದು, ಆಪ್ ಬೇಡ, ಈ ಬ್ರೌಸರಿನಲ್ಲೇ ಮುಂದುವರಿಯುತ್ತೇನೆ ಎಂಬ ಬಟನ್ ಒತ್ತಿ, ಕ್ಯಾಮೆರಾ ಮತ್ತು ಮೈಕ್‌ಗೆ ಅನುಮತಿ ಕೊಟ್ಟರೆ ಸಾಕು. ಅವರಿಗೆ ಒಂದು ಸಲ ಮಾಡಿ ತೋರಿಸಿದೆ. ಬಟನ್ ಎಲ್ಲಿ ಬರುತ್ತದೆಂದು ದೊಡ್ಡಮ್ಮ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡರು.