ನ್ಯೂಜಿಲೆಂಡಿನ ಶಿಶುವಿಹಾರ: ಎಬಿಸಿಡಿ ಯಾವಾಗ ಶುರು ಎಂದು ಕೇಳುವ ಮುಂಚೆ

ಆಕ್ಲೆಂಡಿಗೆ ಬಂದ ಹೊಸದರಲ್ಲಿ ಮಗಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಿ ಮೂರು ತಿಂಗಳಾದರೂ ಅವಳ ಬ್ಯಾಗಿನಲ್ಲಿ ಒಂದು ಪುಸ್ತಕ ಕಾಣಲಿಲ್ಲ. ಸಂಜೆ ಸಿಗುತ್ತಿದ್ದದ್ದು ಕೆಸರು ಮೆತ್ತಿದ ಬಟ್ಟೆ. ಎಬಿಸಿಡಿ ಯಾವಾಗ ಶುರು ಎಂದು ಕೇಳಿದಾಗ ಟೀಚರ್ ನನ್ನನ್ನು ಮರಳಿನ ಗುಂಡಿಯ ಬಳಿಗೆ ಕರೆದೊಯ್ದು ಸ್ವಲ್ಪ ಹೊತ್ತು ನೋಡಿ ಎಂದರು. ಮಗಳು ಕಾಲುವೆ ತೋಡುತ್ತಿದ್ದಳು, ನೀರು ಅರ್ಧದಲ್ಲೇ ಇಂಗುತ್ತಿತ್ತು. ಟೀಚರ್ ಏನೂ ಹೇಳಿಕೊಡದೆ ಒಂದು ಪೈಪಿನ ತುಂಡನ್ನು ಪಕ್ಕದಲ್ಲಿಟ್ಟರು. ಅದರ ಒಂದು ತುದಿಯನ್ನು ಎತ್ತರಿಸಬೇಕೆಂದು ಅವಳಿಗೆ ಹೊಳೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷವೇ ಪಾಠ.

ಇಲ್ಲಿನ ಶಿಶುಶಿಕ್ಷಣದ ಪಠ್ಯಕ್ರಮದ ಹೆಸರು ‘ತೆ ಫಾರಿಕಿ’. ಇಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಫಾರಿಕಿ ಎಂದರೆ ಹೆಣೆದ ಚಾಪೆ. 1996ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಇದರಲ್ಲಿ ತರಗತಿವಾರು ಪಾಠಪಟ್ಟಿ ಇಲ್ಲ. ನಾಲ್ಕು ತತ್ವಗಳಿವೆ. ಮೊದಲನೆಯದು ‘ಫಕಮನ’: ಮಗುವಿನ ‘ಮನ’ವನ್ನು, ಅಂದರೆ ಅದರ ಘನತೆ ಮತ್ತು ಸಾಮರ್ಥ್ಯವನ್ನು, ಎತ್ತಿಹಿಡಿಯುವುದು. ಏನು ಮಾಡಬೇಕೆಂದು ಮಗು ಆರಿಸಿಕೊಳ್ಳುವುದು ಇದರಿಂದಲೇ. ಮೈ, ಮನಸ್ಸು, ಮಾತು ಒಟ್ಟಿಗೇ ಬೆಳೆಯುತ್ತವೆ ಎಂಬುದು ಇನ್ನೊಂದು. ಮನೆಮಂದಿಯೂ ಕಲಿಕೆಯ ಭಾಗ, ಕಲಿಕೆ ಹುಟ್ಟುವುದು ಒಡನಾಟದಲ್ಲಿ ಎಂಬುವು ಉಳಿದೆರಡು.

ಮಗುವಿನ ಇಷ್ಟಕ್ಕೆ ಬಿಡುವುದೆಂದರೆ ಟೀಚರ್‌ಗೆ ಕೆಲಸವಿಲ್ಲ ಎಂದು ನಮ್ಮವರು ಅಂದುಕೊಳ್ಳುವುದುಂಟು. ನಿಜಕ್ಕೂ ಅವರ ಕೆಲಸ ಹೆಚ್ಚು: ಗಮನಿಸಬೇಕು, ಅಲ್ಲಿ ಏನು ಕಲಿಕೆ ನಡೆದಿದೆ ಎಂದು ಗುರುತಿಸಬೇಕು, ತಕ್ಕಂತೆ ಸ್ಪಂದಿಸಬೇಕು. ಹೀಗೆ ಕಂಡದ್ದನ್ನು ಫೋಟೋ ಸಮೇತ ‘ಲರ್ನಿಂಗ್ ಸ್ಟೋರಿ’ಯಾಗಿ ಬರೆದು ಕಳಿಸುತ್ತಾರೆ. ಅಂಕಪಟ್ಟಿಯ ಜಾಗದಲ್ಲಿ ಇರುವುದು ಇದೇ. ದಯವಿಟ್ಟು ಓದಿ, ಎರಡು ಸಾಲು ಉತ್ತರ ಬರೆಯಿರಿ. ಮನೆಯಲ್ಲಿ ಮಗು ಅದೇ ಆಟವನ್ನು ಹೇಗೆ ಮುಂದುವರಿಸಿತು ಎಂದು ತಿಳಿಸಿದರೆ ಅವರಿಗೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಎಲ್ಲ ಕೇಂದ್ರಗಳೂ ಒಂದೇ ಮಟ್ಟದವಲ್ಲ. ಸೇರಿಸುವ ಮುನ್ನ ಹೋಗಿ ನೋಡಿ: ದೊಡ್ಡವರು ಮಕ್ಕಳ ಎತ್ತರಕ್ಕೆ ಕುಕ್ಕರಿಸಿ ಮಾತಾಡುತ್ತಿದ್ದಾರೋ, ದೂರ ನಿಂತು ಕಾಯುತ್ತಿದ್ದಾರೋ? ಶಿಶುವಿಹಾರ, ಶಾಲೆಗಳ ಗುಣಮಟ್ಟ ಪರಿಶೀಲಿಸುವ ಸರ್ಕಾರಿ ಸಂಸ್ಥೆಯಾದ ಎಜುಕೇಶನ್ ರಿವ್ಯೂ ಆಫೀಸ್ ಪ್ರಕಟಿಸುವ ವರದಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. 3ರಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆ 20 ಗಂಟೆ, ದಿನಕ್ಕೆ ಗರಿಷ್ಠ 6 ಗಂಟೆಯವರೆಗಿನ ಖರ್ಚನ್ನು ಸರ್ಕಾರ ಭರಿಸುವ ಯೋಜನೆಯಿದೆ. ನೀವು ನೋಡುವ ಕೇಂದ್ರ ಅದರಲ್ಲಿದೆಯೇ, ಬೇರೆ ಶುಲ್ಕಗಳೇನು ಎಂದು ಕೇಳಿಕೊಳ್ಳಿ.

ಊಟದ ವಿಷಯದಲ್ಲಿ ನಮ್ಮ ಅಜ್ಜಿಯಂದಿರಿಗೆ ಸಂಕಟವಾಗುತ್ತದೆ. ಯಾರೂ ತುತ್ತು ಮಾಡಿ ತಿನ್ನಿಸುವುದಿಲ್ಲ. ಹಾಗಾಗಿ ಒಂದೆರಡು ತಿಂಗಳು ಮೊದಲೇ ಕೈಯಾರೆ ತಿನ್ನುವುದನ್ನು, ಡಬ್ಬಿ ತೆರೆಯುವುದನ್ನು ಅಭ್ಯಾಸ ಮಾಡಿಸಿ. ಎರಡು ಜೊತೆ ಬಟ್ಟೆ ಹೆಚ್ಚಿಗೆ ಇಡಿ.

ಅಕ್ಷರದ ಚಿಂತೆಯೇ? ಹೆಚ್ಚಿನ ಮಕ್ಕಳು 5 ತುಂಬಿದಾಗ ಶಾಲೆ ಸೇರುತ್ತಾರೆ, ಕಡ್ಡಾಯವಾಗುವುದು 6ಕ್ಕೆ. ಓದು ಬರಹ ಅಲ್ಲಿ ಕ್ರಮವಾಗಿ ಶುರುವಾಗುತ್ತದೆ.

ಮನೆಮಾತನ್ನು ಬಿಡಬೇಡಿ. ತೆ ಫಾರಿಕಿಯೇ ಮಗುವಿನ ಮನೆಮಾತನ್ನು ಗೌರವಿಸಿ ಎನ್ನುತ್ತದೆ. ಮೊದಲ ದಿನ ಟೀಚರ್ ಕೈಗೆ ಮಗು ಬಳಸುವ ಕನ್ನಡ ಮಾತುಗಳ ಒಂದು ಚೀಟಿ ಕೊಡಿ: ನೀರು, ಉಚ್ಚೆ, ಸಾಕು, ನೋವು, ಅಮ್ಮ ಬರ್ತಾಳೆ. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರಲಿ.